ಉಪ್ಪು ತುಳಿದು ಬಂದ ನಾಯಿ: ಹಿಮ ಬೀಳುವ ಊರಿನಲ್ಲಿ ಸಾಕುಪ್ರಾಣಿಗಳ ಜೋಪಾನ

ನಾವು ಅಮೆರಿಕದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಬಂದ ಮೊದಲ ಚಳಿಗಾಲ. ಡಿಸೆಂಬರ್‌ನ ಒಂದು ಬೆಳಗ್ಗೆ ನಮ್ಮ ನಾಯಿ ಗುಂಡನನ್ನು ವಾಕಿಂಗ್‌ಗೆ ಕರೆದುಕೊಂಡು ಹೊರಟೆ. ಮನೆಯಿಂದ ನೂರು ಹೆಜ್ಜೆ ಆಗಿರಲಿಲ್ಲ, ಫುಟ್‌ಪಾತ್ ನಡುವೆ ನಿಂತುಬಿಟ್ಟ. ಒಂದು ಮುಂಗಾಲು ಎತ್ತಿದ. ಅದನ್ನು ಇಳಿಸಿ ಇನ್ನೊಂದನ್ನು ಎತ್ತಿದ. ಎಳೆದರೂ ಬರಲಿಲ್ಲ, ರಮಿಸಿದರೂ ಬರಲಿಲ್ಲ. ಪಾಪ ಚಳಿ ತಡೆಯೋಕಾಗ್ತಿಲ್ಲ ಅಂದುಕೊಂಡು ಹದಿನೆಂಟು ಕೆಜಿ ನಾಯಿಯನ್ನು ಕೂಸಿನ ಹಾಗೆ ಎತ್ತಿಕೊಂಡು ವಾಪಸ್ ಬಂದೆ. ಸಂಜೆವರೆಗೂ ಕಾಲು ನೆಕ್ಕುತ್ತಲೇ ಇದ್ದ. ಬೋಗುಣಿಯ ನೀರು ಖಾಲಿ ಮಾಡಿದ. ತುಂಬಿಸಿದೆ, ಅದನ್ನೂ ಖಾಲಿ ಮಾಡಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ಕಣ್ಣೆದುರೇ ನಡೆಯುತ್ತಿತ್ತು, ನನಗೆ ಹೊಳೆಯಲಿಲ್ಲ. ರಾತ್ರಿ ಕಾರ್ಪೆಟ್ ಮೇಲೆ ವಾಂತಿ ಮಾಡಿದ.

ಮರುದಿನ ಡಾಕ್ಟರ್ ಅವನ ಬೆರಳ ಸಂದಿ ಬಿಡಿಸಿ ತೋರಿಸಿದರು. ಒಳಗೆಲ್ಲ ಕೆಂಪಗಾಗಿತ್ತು. ಚಳಿಯಲ್ಲ, ಐಸ್ ಕರಗಿಸಲು ಹಾಕಿದ ಉಪ್ಪು. ಆಗ ಅಮ್ಮ ಹಾಸನದಿಂದ ಬಂದಿದ್ದರು. ಎಲ್ಲ ಕೇಳಿಸಿಕೊಂಡು, "ಅಲ್ಲ ಕಣೇ, ಹೊರಗಿಂದ ಬಂದವನಿಗೆ ಕಾಲು ತೊಳೆಸೋದು ಬಿಟ್ಟು ಡಾಕ್ಟರಿಗೆ ದುಡ್ಡು ಸುರಿದು ಬಂದಿದ್ದೀಯಲ್ಲ" ಅಂದರು. ಆಮೇಲೆ ನಾನು ಕಲಿತ ಮುಖ್ಯ ವಿಷಯ ಅಷ್ಟೇ. ಆದರೆ ಕಾಲು ತೊಳೆಸುವುದರ ಹಿಂದೆ ಮುಂದೆ ಇನ್ನಷ್ಟು ಕೆಲಸ ಇದೆ. ಅಮೆರಿಕ, ಕೆನಡಾದಂಥ ಕಡೆ ಹೊಸದಾಗಿ ನಾಯಿ, ಬೆಕ್ಕು ಸಾಕಿಕೊಂಡ ನಮ್ಮವರಿಗಾಗಿ ಅದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚೀಲದ ಹಿಂಬದಿ ಓದಿ

ಊರಲ್ಲಿ ಕೈಯಿಂದ ತಿರುಗಿಸಿ ಐಸ್‌ಕ್ರೀಮ್ ಮಾಡುವವರು ಐಸ್‌ಗೆ ಹರಳುಪ್ಪು ಸುರಿಯುತ್ತಿದ್ದದ್ದು ನೆನಪಿದೆಯಾ? ಇಲ್ಲಿ ನಡೆಯುವುದೂ ಅದೇ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಹಾಗಾಗಿ ರಸ್ತೆಗೆ ಉಪ್ಪು ಎರಚಿದರೆ ಐಸ್ ಕರಗಿ ನೀರಾಗುತ್ತದೆ. ಅಂಗಡಿಯಲ್ಲಿ ಇದನ್ನೆಲ್ಲ ಒಟ್ಟಾಗಿ ಐಸ್ ಮೆಲ್ಟ್ ಅನ್ನುತ್ತಾರೆ. ಚೀಲದ ಮುಂದೆ ನಗುವ ನಾಯಿಯ ಚಿತ್ರ ಇರುತ್ತದೆ. ಅದನ್ನು ನೋಡಿ ಮರುಳಾಗಬೇಡಿ. "ಪೆಟ್ ಸೇಫ್" ಅಂತ ಬರೆಯಲು ಇಂತಿಷ್ಟೇ ಇರಬೇಕು ಅನ್ನುವ ಕಾನೂನಿನ ಅಳತೆ ಯಾವುದೂ ಇಲ್ಲ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿರುವ ವಸ್ತುವಿನ ಹೆಸರಿರುತ್ತದೆ. ಓದಬೇಕಾದ್ದು ಅದು.

ಸೋಡಿಯಂ ಕ್ಲೋರೈಡ್ ಅಂದರೆ ನಮ್ಮ ಹರಳುಪ್ಪೇ. ಎಲ್ಲಕ್ಕಿಂತ ಅಗ್ಗ, ಹಾಗಾಗಿ ಎಲ್ಲ ಕಡೆ ಇದೇ. ಸುಮಾರು ಮೈನಸ್ 9 ಡಿಗ್ರಿ ಸೆಲ್ಸಿಯಸ್‌ವರೆಗೆ, ಇಲ್ಲಿಯವರ ಲೆಕ್ಕದಲ್ಲಿ 15 ಫ್ಯಾರನ್‌ಹೀಟ್‌ವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿಯಾದರೆ ಸುಮ್ನೆ ಕಲ್ಲಿನ ಹಾಗೆ ಬಿದ್ದಿರುತ್ತದೆ. ಐಸೂ ಕರಗಲ್ಲ, ನಾಯಿ ಕಾಲಿಗೆ ಚುಚ್ಚುವುದೂ ತಪ್ಪಲ್ಲ. ಅಂಗಾಲು ಒಣಗಿ ಬಿರುಕು ಬಿಟ್ಟಿದ್ದರಂತೂ ಗಾಯದ ಮೇಲೆ ಉಪ್ಪು ಸವರಿದ ಹಾಗೆಯೇ.

ಕ್ಯಾಲ್ಸಿಯಂ ಕ್ಲೋರೈಡ್ ಬಗ್ಗೆ ನನಗೆ ಜಾಸ್ತಿ ಭಯ. ಬೀರುವಿನ ತೇವ ಹೀರಲು ಡಬ್ಬಿಯಲ್ಲಿ ಇಡುತ್ತಾರಲ್ಲ, ಅದೇ ವಸ್ತು. ನೀರು ತಾಗಿದ ಕೂಡಲೇ ಬಿಸಿಯಾಗುತ್ತದೆ. ಸುಮಾರು ಮೈನಸ್ 29 ಡಿಗ್ರಿಯವರೆಗೂ ಐಸ್ ಕರಗಿಸುವ ಶಕ್ತಿ ಅದಕ್ಕಿರುವುದರಿಂದ ಕಡು ಚಳಿಯ ಊರುಗಳಲ್ಲಿ ಬೇಡಿಕೆ ಹೆಚ್ಚು. ಒದ್ದೆ ಕಾಲಿನ ಬೆರಳ ಸಂದಿಯಲ್ಲಿ ಒಂದು ಹರಳು ಸಿಕ್ಕಿಕೊಂಡರೆ ಚರ್ಮ ಸುಡುತ್ತದೆ. ನಾಯಿ ಅದನ್ನು ಹಲ್ಲಿನಿಂದ ಕಿತ್ತು ತೆಗೆಯಲು ಹೋದರೆ ನಾಲಿಗೆ, ಒಸಡು ಸುಡುತ್ತದೆ. ಮೆಗ್ನೀಸಿಯಂ ಕ್ಲೋರೈಡ್ ಇದಕ್ಕಿಂತ ಸ್ವಲ್ಪ ಮೆದು. ಆದರೆ ಜಾಸ್ತಿ ನೆಕ್ಕಿದರೆ ಭೇದಿ ಖಂಡಿತ.

ಪೊಟ್ಯಾಸಿಯಂ ಕ್ಲೋರೈಡ್ ಅಂದರೆ ತೋಟಕ್ಕೆ ಹಾಕುವ ಪೊಟ್ಯಾಷ್. ಕಡು ಚಳಿಗೆ ಅದು ನಿಲ್ಲುವುದಿಲ್ಲ, ಹೊಟ್ಟೆ ಕೆಡಿಸುವುದರಲ್ಲಿ ಮಾತ್ರ ಉಪ್ಪಿನಂತೆಯೇ. ಇನ್ನು ಯೂರಿಯಾ. ಹೌದು, ಗದ್ದೆಗೆ ಎರಚುವ ಅದೇ ಬಿಳಿ ಗೊಬ್ಬರ. ದನ ಯೂರಿಯಾ ನೆಕ್ಕಿದರೆ ಪ್ರಾಣಕ್ಕೇ ಅಪಾಯ ಅಂತ ಹಳ್ಳಿ ಕಡೆಯವರಿಗೆ ಗೊತ್ತಿರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಅದು ಬೇಗ ಅಮೋನಿಯಾ ಆಗುವುದೇ ಕಾರಣ. ನಾಯಿಗೆ ಅಂಥ ಹೊಟ್ಟೆ ಇಲ್ಲ, ಹಾಗಾಗಿ ಅಷ್ಟು ಅಪಾಯ ಇಲ್ಲ. ಆದರೂ ತಿನ್ನಲು ಬಿಡುವ ವಸ್ತುವಲ್ಲ. ನಾಯಿಗಳ ಮಟ್ಟಿಗೆ ಎಲ್ಲಕ್ಕಿಂತ ಸಾಧು ಅನಿಸಿಕೊಂಡದ್ದು ಕ್ಯಾಲ್ಸಿಯಂ ಮೆಗ್ನೀಸಿಯಂ ಅಸಿಟೇಟ್. ಬೆಲೆ ಮಾತ್ರ ಸಾಧುವಲ್ಲ. ಮೈನಸ್ 7ಕ್ಕಿಂತ ಕೆಳಗೆ ಅದು ಅಷ್ಟಾಗಿ ಕೆಲಸ ಮಾಡುವುದೂ ಇಲ್ಲ.

ಬಣ್ಣ ನೋಡಿ ತೀರ್ಮಾನಿಸಬೇಡಿ. ಎಲ್ಲಿ ಎರಚಿದ್ದೇವೆ ಅಂತ ಕಾಣಲಿ ಎಂದು ಕೆಲವು ಕಂಪನಿಗಳು ನೀಲಿ, ಹಸಿರು ಬಣ್ಣ ಬೆರೆಸುತ್ತವೆ. ಅದರಿಂದ ಒಳಗೇನಿದೆ ಅನ್ನುವುದು ತಿಳಿಯುವುದಿಲ್ಲ.

ಹೊರಡುವ ಮುನ್ನ ಐದು ನಿಮಿಷ

ಬೆರಳ ಸಂದಿಯ ಕೂದಲು ಕತ್ತರಿಸಿ. ಚಳಿಗಾಲದಲ್ಲಿ ನಾಯಿಗೆ ಕೂದಲು ಬೇಕು ಅಂತ ಅದನ್ನು ಬಿಡುವವರಿದ್ದಾರೆ. ಮೈ ಮೇಲಿನ ಕೂದಲು ಬೇಕು, ಸರಿ. ಅಂಗಾಲಿನ ಮೆತ್ತೆಗಳ ನಡುವಿನದು ಬೇಡ. ಹಿಮ ಅಲ್ಲೇ ಅಂಟಿ ಗೋಲಿಯಷ್ಟು ಗಟ್ಟಿ ಉಂಡೆಯಾಗುತ್ತದೆ, ಉಂಡೆಯೊಳಗೆ ಉಪ್ಪು ಕೂರುತ್ತದೆ. ತುದಿ ಮೊಂಡಾದ ಕತ್ತರಿಯಿಂದ ಮೆತ್ತೆಯ ಮಟ್ಟಕ್ಕೆ ಕತ್ತರಿಸಿದರೆ ಸಾಕು.

ಆಮೇಲೆ ಅಂಗಾಲಿಗೆ ಏನಾದರೂ ಸವರಬೇಕು. ನಾಯಿಗಳಿಗೆಂದೇ ಮಾಡಿದ ಮೇಣದ ಮುಲಾಮು ಸಿಗುತ್ತದೆ. ಅದಿಲ್ಲದಿದ್ದರೆ ತೆಳ್ಳಗೆ ವ್ಯಾಸಲೀನ್ ಆದೀತು. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ನಮ್ಮವರೆಲ್ಲ ಕೇಳುತ್ತಾರೆ. ವಿಷವೇನಲ್ಲ. ಆದರೆ ಗುಂಡ ಬಾಗಿಲು ದಾಟುವ ಮೊದಲೇ ಅದನ್ನು ನೆಕ್ಕಿ ಮುಗಿಸಿದ, ನನ್ನ ನೆಲವೂ ಜಾರುವ ಹಾಗಾಯಿತು. ಮನುಷ್ಯರ ಕ್ರೀಮುಗಳನ್ನು ಹಚ್ಚಬೇಡಿ, ಅದರಲ್ಲೂ ಜಿಂಕ್ ಆಕ್ಸೈಡ್ ಇರುವ ಮಕ್ಕಳ ರ‍್ಯಾಶ್ ಕ್ರೀಮ್. ಅದು ನಾಯಿ ಹೊಟ್ಟೆಗೆ ಹೋಗಬಾರದು.

ನಾಯಿ ಒಪ್ಪಿದರೆ ಬೂಟೇ ಎಲ್ಲಕ್ಕಿಂತ ಒಳ್ಳೆಯದು. ಒಪ್ಪಿದರೆ ಅನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಮೊದಲ ದಿನ ನಾಲ್ಕೂ ಬೂಟು ತೊಡಿಸಿ ಬಿಟ್ಟಾಗ ಗುಂಡ ಹಜಾರದ ತುಂಬಾ ಯಕ್ಷಗಾನದ ಹೆಜ್ಜೆ ಹಾಕಿದ. ನಾವು ನಕ್ಕೆವು. ಅವನು ಅವಮಾನ ಆದವನ ಹಾಗೆ ಸೋಫಾ ಹಿಂದೆ ಹೋಗಿ ಕೂತ. ಆ ತಪ್ಪು ನೀವು ಮಾಡಬೇಡಿ. ಮನೆಯೊಳಗೇ ಅಭ್ಯಾಸ ಮಾಡಿಸಿ. ಮೊದಲ ದಿನ ಒಂದು ಬೂಟು, ಎರಡೇ ನಿಮಿಷ, ಬಾಯಿಗೊಂದು ತಿಂಡಿ. ಮರುದಿನ ಎರಡು. ವಾರದಲ್ಲಿ ನಾಲ್ಕಕ್ಕೆ ಬರಬಹುದು. ಅಳತೆ ತೆಗೆಯುವಾಗ ನಾಯಿಯನ್ನು ಕಾಗದದ ಮೇಲೆ ನಿಲ್ಲಿಸಿ. ಭಾರ ಬಿಟ್ಟಾಗ ಪಾದ ಅಗಲವಾಗುತ್ತದೆ, ಆ ಅಗಲವೇ ಲೆಕ್ಕ. ಬಲೂನಿನಂಥ ತೆಳು ರಬ್ಬರ್ ಬೂಟುಗಳೂ ಇವೆ. ಚಳಿ ತಡೆಯುವುದಿಲ್ಲ, ಆದರೆ ಉಪ್ಪು ತಡೆಯುತ್ತವೆ. ನೆಲ ಕಾಲಿಗೆ ತಿಳಿಯುವುದರಿಂದ ಹಟಮಾರಿ ನಾಯಿಗಳೂ ಒಪ್ಪುವುದುಂಟು. ನಮ್ಮವನು ಒಪ್ಪಿದ್ದು ಇದನ್ನೇ. ಮನೆಗೆ ಬಂದ ಕೂಡಲೇ ಬಿಚ್ಚಿ. ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ, ಒಳಗೆಲ್ಲ ಒದ್ದೆಯಾಗಿರುತ್ತದೆ.

ಹೊರಡುವ ಮೊದಲು ಹೊಟ್ಟೆ ತುಂಬಾ ನೀರು ಕುಡಿಸಿ. ಬಾಯಾರಿದ ನಾಯಿ ದಾರಿಯ ಕೆಸರು ನೀರಿಗೆ ಬಾಯಿ ಹಾಕುತ್ತದೆ.

ದಾರಿಯಲ್ಲಿ

ಉಪ್ಪು ಇಲ್ಲದ ಹಿಮದ ಮೇಲೆ ನಡೆಸಿ. ಪಾರ್ಕ್, ಆಟದ ಬಯಲು, ಹುಲ್ಲಿನ ಅಂಚು ಒಳ್ಳೆಯದು. ರಸ್ತೆ ಬದಿಯ ಬೂದು ಗುಡ್ಡೆ ಹತ್ತಲು ಬಿಡಬೇಡಿ. ಹಿಮ ತಳ್ಳುವ ಪ್ಲೌ ಗಾಡಿ ರಸ್ತೆಯ ಉಪ್ಪನ್ನೆಲ್ಲ ಸೇರಿಸಿ ತಳ್ಳಿದ ಗುಡ್ಡೆ ಅದು. ಕೆಲವು ಊರುಗಳಲ್ಲಿ ರಸ್ತೆಗೆ ಹಾಕುವ ಉಪ್ಪುನೀರಿಗೆ ಬೀಟ್ ಗಡ್ಡೆಯಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ರಸವನ್ನೂ ಬೆರೆಸುತ್ತಾರೆ. ಸಿಹಿ ಇರುವಲ್ಲಿ ನಾಯಿ ಮೂಗು ಇರದೇ ಇರುತ್ತಾ?

ನಾಯಿ ಇದ್ದಕ್ಕಿದ್ದಂತೆ ಕುಂಟಿದರೆ, ನಮ್ಮವನ ಹಾಗೆ ಒಂದೊಂದೇ ಕಾಲು ಎತ್ತಿದರೆ, ಅಲ್ಲೇ ನಿಲ್ಲಿ. ಕೈಗವಸು ತೆಗೆದು ಬೆರಳ ಸಂದಿ ನೋಡಿ. ಹರಳೋ ಉಂಡೆಯೋ ಇದ್ದೇ ಇರುತ್ತದೆ. ಕೋಟಿನ ಒಳಜೇಬಿನಲ್ಲಿ ಒಂದು ಚಿಕ್ಕ ಬಟ್ಟೆ ಇಟ್ಟುಕೊಂಡಿರಿ. ಹೊರಜೇಬಿನಲ್ಲಿ ಒದ್ದೆ ವೈಪ್ಸ್ ಇಟ್ಟರೆ ಅದೇ ಐಸ್ ಹಲಗೆಯಾಗುತ್ತದೆ, ನನಗೆ ಆಗಿದೆ.

ಬಾಗಿಲಲ್ಲಿ ಕಾಲು ತೊಳೆಸುವುದು

ಹಿತ್ತಲ ಬಾಗಿಲಲ್ಲಿ ನೀರಿನ ತೊಟ್ಟಿ, ಪಕ್ಕದಲ್ಲಿ ಚೊಂಬು. ಕಾಲು ತೊಳೆಯದೆ ಒಳಗೆ ಕಾಲಿಟ್ಟರೆ ಅಜ್ಜಿಯ ಬೈಗುಳ. ಹೀಗೆ ಬೆಳೆದವರಿಗೆ ಇದು ಹೊಸ ಪಾಠವೇ ಅಲ್ಲ. ನಾಯಿಗೂ ಅದೇ ನಿಯಮ ಅಂದುಕೊಳ್ಳಿ, ಅಷ್ಟೇ.

ಹೊರಡುವ ಮೊದಲೇ ಬಾಗಿಲ ಒಳಗಡೆ ಒಂದು ಪ್ಲಾಸ್ಟಿಕ್ ಟ್ರೇ, ಒಂದು ಚೊಂಬು, ಎರಡು ಹಳೇ ಟವೆಲ್ ಇಟ್ಟು ಹೋಗಿ. ಬಂದ ಮೇಲೆ ಹುಡುಕುತ್ತಾ ನಿಂತರೆ ಅಷ್ಟರಲ್ಲಿ ನಾಯಿ ನೆಕ್ಕಲು ಶುರು ಮಾಡಿರುತ್ತದೆ. ನೀರು ಉಗುರು ಬೆಚ್ಚಗಿರಬೇಕು. ಕೂಸಿನ ಸ್ನಾನದ ನೀರನ್ನು ಮೊಣಕೈ ಅದ್ದಿ ನೋಡುತ್ತೇವಲ್ಲ, ಹಾಗೆ ನೋಡಿ. ತಣ್ಣಗೆ ಕೊರೆದುಹೋದ ಕಾಲಿಗೆ ಬಿಸಿನೀರು ಬೇಡ.

ಮುಂಗಾಲಿನಿಂದ ಶುರು ಮಾಡಿ, ನಾಯಿ ಮೊದಲು ನೆಕ್ಕುವುದು ಅದನ್ನೇ. ಒಂದೊಂದೇ ಕಾಲನ್ನು ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಬೆರಳ ಸಂದಿ ಬಿಡಿಸಿ ತೊಳೆಯಿರಿ. ಎರಡು ಕಾಲಾದ ಮೇಲೆ ನೀರು ಬದಲಿಸಿ. ಇಲ್ಲದಿದ್ದರೆ ಹಿಂಗಾಲನ್ನು ಉಪ್ಪು ನೀರಲ್ಲೇ ತೊಳೆದ ಹಾಗಾಗುತ್ತದೆ. ದಿನಕ್ಕೆ ಮೂರು ಸಲ ಸೋಪು ಹಾಕಿದರೆ ಚರ್ಮ ಒಣಗಿ ಇನ್ನಷ್ಟು ಬಿರಿಯುತ್ತದೆ, ಹಾಗಾಗಿ ಬರೀ ನೀರು ಸಾಕು. ಡ್ಯಾಶುಂಡ್‌ನಂಥ ಗಿಡ್ಡ ನಾಯಿಯಾದರೆ ಹೊಟ್ಟೆ, ಎದೆಯನ್ನೂ ಒರೆಸಬೇಕು. ಅದರ ಹೊಟ್ಟೆ ಉಪ್ಪಿನ ಕೆಸರನ್ನು ಗುಡಿಸಿಕೊಂಡೇ ಬಂದಿರುತ್ತದೆ.

ತೊಳೆದಷ್ಟೇ ಗಮನ ಕೊಟ್ಟು ಒರೆಸಿ. ಒಂದು ಟವೆಲ್ ನೀರು ಹಿಂಡಲು, ಇನ್ನೊಂದು ಸಂದಿ ಒಣಗಿಸಲು. ಒದ್ದೆ ಉಳಿದರೆ ಅಲ್ಲಿ ತುರಿಕೆ ಶುರುವಾಗಿ, ಉಪ್ಪಿಲ್ಲದಿದ್ದರೂ ನೆಕ್ಕುವುದು ನಿಲ್ಲುವುದಿಲ್ಲ. ಒರೆಸುವಾಗಲೇ ಬಿರುಕು, ಕೆಂಪು, ರಕ್ತ ಏನಾದರೂ ಇದೆಯಾ ನೋಡಿಕೊಂಡುಬಿಡಿ. ಬಿರುಕಿಗೆ ಅರಿಶಿನ ಮೆತ್ತುವ ಮೊದಲು ಡಾಕ್ಟರಿಗೆ ಒಂದು ಮಾತು ಕೇಳಿ.

ಎಲ್ಲ ಸೇರಿ ಮೂರು ನಿಮಿಷದ ಕೆಲಸ. ತೀರಾ ಅವಸರವಿದ್ದರೆ ವಾಸನೆ ಇಲ್ಲದ ವೈಪ್ಸ್ ನಡೆಯುತ್ತದೆ. ನನಗೇನೋ ಅದು ಉಪ್ಪನ್ನು ಸಂದಿಯೊಳಕ್ಕೇ ತಳ್ಳುತ್ತದೆ ಅನಿಸುತ್ತದೆ.

ಚಪ್ಪಲಿ ಬಿಡುವ ಜಾಗ, ಮತ್ತು ಬೆಕ್ಕು

ನಾವು ಬಾಗಿಲಲ್ಲೇ ಶೂ ಬಿಡುವವರು. ಒಳ್ಳೆ ಅಭ್ಯಾಸವೇ. ಆದರೆ ಚಳಿಗಾಲದಲ್ಲಿ ಆ ಶೂಗಳಿಂದ ಹಿಮ ಕರಗಿ ಟ್ರೇಯಲ್ಲಿ ಒಂದು ಪುಟ್ಟ ಉಪ್ಪಿನ ಕೊಳ ಆಗುತ್ತದೆ. ಮನೆಗೆ ಬಂದವರು ನಾಲ್ಕು ಜನ ಇದ್ದರಂತೂ ಕೇಳಬೇಡಿ. ನಾಯಿ, ಬೆಕ್ಕು ಎರಡೂ ಅದನ್ನು ಕುಡಿಯುತ್ತವೆ. ಟ್ರೇ ಮೇಲೆ ಜಾಲರಿ ಇಡಿ, ಅಥವಾ ರಾತ್ರಿ ಮಲಗುವ ಮುನ್ನ ನೀರು ಚೆಲ್ಲಿ.

ಬೆಕ್ಕು ಹೊರಗೆ ಹೋಗುವುದೇ ಇಲ್ಲವಲ್ಲ ಅಂತ ಸುಮ್ಮನಿರಬೇಡಿ. ಡೋರ್‌ಮ್ಯಾಟ್ ಮೇಲೆ ಓಡಾಡಿದರೂ ಸಾಕು, ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ ಅದು. ಬಾಗಿಲ ಬಳಿ ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ. ಇನ್ನೊಂದು ವಿಷಯ ಬೆಕ್ಕು ಸಾಕಿದವರು ತಿಳಿದಿರಬೇಕು. ಉಪ್ಪಿಲ್ಲದ ದ್ರವ ರೂಪದ ಕೆಲವು "ಪೆಟ್ ಸೇಫ್" ಐಸ್ ಮೆಲ್ಟ್‌ಗಳಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇರುತ್ತದೆ. ನಾಯಿಗೆ ಅದು ಅಷ್ಟೇನೂ ಕೆಟ್ಟದ್ದಲ್ಲ. ಬೆಕ್ಕಿನ ಕೆಂಪು ರಕ್ತಕಣಗಳನ್ನು ಮಾತ್ರ ಹಾಳು ಮಾಡುತ್ತದೆ. ಅದಕ್ಕೇ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1996ರಲ್ಲಿ ಬೆಕ್ಕಿನ ಆಹಾರದಲ್ಲಿ ಅದನ್ನು ಬಳಸುವುದನ್ನು ನಿಷೇಧಿಸಿತು.

ನಿಮ್ಮ ಮನೆ ಮುಂದೆ ನೀವು ಹಾಕುವುದು

ಮಿನಿಯಾಪೊಲಿಸ್‌ನಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆ ಮುಂದಿನ ಫುಟ್‌ಪಾತ್ ತೆರವು ಮಾಡಬೇಕು, ದೊಡ್ಡ ಕಟ್ಟಡಗಳಿಗೆ ಹಗಲು ಹೊತ್ತಿನ 4 ತಾಸು ಅಷ್ಟೇ. ಈ ಅವಸರದಲ್ಲಿ ಜನ ಸಲಿಕೆ ಹಿಡಿಯುವ ಬದಲು ಉಪ್ಪಿನ ಚೀಲ ಬಗ್ಗಿಸುತ್ತಾರೆ. ನಾವು ಮೊದಲಿದ್ದ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲ ಮೇಲೆ ಉಪ್ಪು ಕರಕರ ಅನ್ನುತ್ತಿತ್ತು, ಮಂಡಕ್ಕಿ ಚೆಲ್ಲಿದ ಹಾಗೆ.

ಹಿಮ ಬೀಳುತ್ತಿರುವಾಗಲೇ, ಜನ ತುಳಿದು ಗಟ್ಟಿಯಾಗುವ ಮೊದಲೇ, ಸಲಿಕೆಯಿಂದ ಗೋರಿ ತೆಗೆಯಿರಿ. ಗೋರಿದ ಮೇಲೆ ಉಳಿದ ಐಸ್‌ಗೆ ಮಾತ್ರ ಉಪ್ಪು. ಎಷ್ಟು? ಮಿನ್ನೆಸೋಟ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ ಹೇಳುವ ಲೆಕ್ಕ ನನಗೆ ಇಷ್ಟ: 12 ಔನ್ಸಿನ ಒಂದು ಕಾಫಿ ಮಗ್ ತುಂಬಾ ಉಪ್ಪು ತೆಗೆದುಕೊಂಡರೆ ಫುಟ್‌ಪಾತಿನ ಹತ್ತು ಕಾಂಕ್ರೀಟ್ ಚೌಕಗಳಿಗೆ ಸಾಕು. ಒಂದು ಟೀ ಚಮಚ ಉಪ್ಪು ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರನ್ನು ಶಾಶ್ವತವಾಗಿ ಕೆಡಿಸುತ್ತದೆ ಅನ್ನುವುದೂ ಅವರದೇ ಮಾತು. ಐಸ್ ಕರಗಿ ಒಣಗಿದ ಮೇಲೆ ಉಳಿದ ಹರಳನ್ನು ಗುಡಿಸಿ ಡಬ್ಬಿಗೆ ತುಂಬಿ. ಮುಂದಿನ ಸಲಕ್ಕೂ ಬರುತ್ತದೆ, ನಾಯಿ ಕಾಲಿಗೂ ಸಿಗುವುದಿಲ್ಲ.

ಮೈನಸ್ 9ಕ್ಕಿಂತ ಚಳಿ ಇದ್ದರೆ ಹರಳುಪ್ಪು ಬಿಟ್ಟು ಮರಳು ಹಾಕಿ. ಕರಗಿಸುವುದಿಲ್ಲ, ಆದರೆ ಕಾಲು ಜಾರುವುದಿಲ್ಲ. ನಮ್ಮ ನಗರದಲ್ಲಿ ಮರಳನ್ನು ಪುಕ್ಕಟೆ ಕೊಡುತ್ತಾರೆ, ಬಕೆಟ್ ನಾವು ಒಯ್ಯಬೇಕು. ಬೆಕ್ಕಿನ ಲಿಟರ್, ಅಂದರೆ ಬೆಕ್ಕಿನ ಶೌಚದ ಡಬ್ಬಿಗೆ ತುಂಬುವ ಜೇಡಿಮಣ್ಣಿನ ಹರಳು, ಹಾಕಿ ಅಂತ ಕೆಲವರು ಹೇಳುತ್ತಾರೆ. ಹಾಕಿ ನೋಡಿದೆ. ಮಧ್ಯಾಹ್ನಕ್ಕೆ ಬಿಸಿಲು ಬಂದಾಗ ಅದು ರಾಗಿ ಅಂಬಲಿಯ ಹಾಗಾಗಿ ಇನ್ನೂ ಜಾರಿತು.

ಚೀಲವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಡಿ. ದಾರಿಯಲ್ಲಿ ಕಾಲಿಗೆ ಅಂಟಿದ್ದನ್ನು ನೆಕ್ಕಿದರೆ ಹೆಚ್ಚಾಗಿ ವಾಂತಿ, ಭೇದಿಗೆ ಮುಗಿಯುತ್ತದೆ. ಚೀಲಕ್ಕೇ ಬಾಯಿ ಹಾಕಿದರೆ ಕಥೆ ಬೇರೆ. ದೇಹದ ತೂಕದ ಪ್ರತಿ ಕೆಜಿಗೆ 2ರಿಂದ 3 ಗ್ರಾಂ ಉಪ್ಪು ಹೊಟ್ಟೆಗೆ ಹೋದರೆ ನಾಯಿಯಲ್ಲಿ ವಿಷದ ಲಕ್ಷಣ ಕಾಣುತ್ತದೆ. ಸುಮಾರು 4 ಗ್ರಾಂ ಆದರೆ ಜೀವವೇ ಹೋಗಬಹುದು. 5 ಕೆಜಿಯ ಪುಟ್ಟ ನಾಯಿಗೆ ಲೆಕ್ಕ ಹಾಕಿ, ಒಂದು ಊಟದ ಚಮಚದಷ್ಟೂ ಬೇಡ.

ಗ್ಯಾರೇಜಿನ ನೆಲ

ಇದು ಉಪ್ಪಿನ ಮಾತಲ್ಲ. ಆದರೆ ಇದನ್ನು ಬಿಟ್ಟು ಬರೆದರೆ ಬರೆದದ್ದೇ ವ್ಯರ್ಥ. ಕಾರಿನ ರೇಡಿಯೇಟರ್‌ಗೆ ಹಾಕುವ ಆಂಟಿಫ್ರೀಜ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಕೆಲಸ ಯಮನದು. 4 ಕೆಜಿ ತೂಗುವ ಬೆಕ್ಕಿಗೆ ಸುಮಾರು ಒಂದು ಟೀ ಚಮಚ ಸಾಕು, ಕಿಡ್ನಿ ಹೋಗಿ ಸಾಯುತ್ತದೆ. 2012ರ ಕೊನೆಯಲ್ಲಿ ಅಮೆರಿಕದ ತಯಾರಕರು ತಾವಾಗಿಯೇ ಒಪ್ಪಿ ಅದಕ್ಕೆ ಕಹಿ ಬೆರೆಸಲು ಶುರು ಮಾಡಿದರು. ಆದರೆ ಕಹಿ ಇದ್ದರೂ ಕುಡಿಯುವ ನಾಯಿಗಳಿವೆ.

ಮೋಸ ಇರುವುದು ಇಲ್ಲಿ: ಕುಡಿದ ಸ್ವಲ್ಪ ಹೊತ್ತಿಗೆ ಹೆಂಡ ಕುಡಿದವರ ಹಾಗೆ ತೂರಾಡುತ್ತದೆ. ಕೆಲವು ಗಂಟೆ ಕಳೆದರೆ ಸುಧಾರಿಸಿದ ಹಾಗೆ ಕಾಣುತ್ತದೆ. ಮನೆಯವರು ಅಬ್ಬಾ ಅನ್ನುತ್ತಾರೆ. ಆ ಹೊತ್ತಿನಲ್ಲೇ ಒಳಗೆ ಕಿಡ್ನಿ ಹಾಳಾಗುತ್ತಿರುತ್ತದೆ. ಫೋಮೆಪಿಜೋಲ್ ಅನ್ನುವ ಮದ್ದು ಇದೆ. ಆದರೆ ನಾಯಿಗೆ 8ರಿಂದ 12 ಗಂಟೆಯೊಳಗೆ, ಬೆಕ್ಕಿಗೆ 3 ಗಂಟೆಯೊಳಗೆ ಕೊಡಬೇಕು. ಹಾಗಾಗಿ ಅನುಮಾನ ಬಂದರೆ ಸಾಕು, ಲಕ್ಷಣ ನೋಡುತ್ತಾ ಕೂರಬೇಡಿ, ಹೊರಡಿ. ಗಾಜು ತೊಳೆಯುವ ನೀಲಿ ವಾಷರ್ ದ್ರವದಲ್ಲಿ ಮೆಥನಾಲ್ ಇರುತ್ತದೆ, ಅದನ್ನೂ ಎತ್ತರದ ಶೆಲ್ಫಿನಲ್ಲಿಡಿ.

ಆಗಿಯೇ ಹೋದರೆ

ಕಾಲು ನೆಕ್ಕಿ ಒಂದು ಸಲ ವಾಂತಿ ಮಾಡಿ, ಆಮೇಲೆ ಬಾಲ ಅಲ್ಲಾಡಿಸುತ್ತಿದ್ದರೆ ಕಾಲು ತೊಳೆದು, ಒಳ್ಳೆ ನೀರಿಟ್ಟು ಗಮನಿಸಿ. ವಾಂತಿ ನಿಲ್ಲದಿದ್ದರೆ, ನಡಿಗೆ ತಪ್ಪಿದರೆ, ಮೈ ನಡುಗಿದರೆ, ಬಾಯಲ್ಲಿ ಹುಣ್ಣು ಕಂಡರೆ, ಫಿಟ್ಸ್ ಬಂದರೆ ಒಂದು ಕ್ಷಣವೂ ತಡ ಬೇಡ.

ನಮ್ಮ ಮನೆಗಳಲ್ಲಿ ವಿಷ ಕುಡಿದವರಿಗೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವ ಹಳೇ ಪದ್ಧತಿ ಇದೆಯಲ್ಲ, ಅದನ್ನು ನಾಯಿಗೆ ಮಾಡಲೇಬೇಡಿ. ಉಪ್ಪೇ ವಿಷವಾದಾಗ ಮೇಲಿಂದ ಇನ್ನಷ್ಟು ಉಪ್ಪು ಕೊಟ್ಟಂತೆ. ಸುಡುವ ವಸ್ತು ನುಂಗಿದ್ದರೆ ವಾಂತಿಯಲ್ಲಿ ಗಂಟಲು ಎರಡನೇ ಸಲ ಸುಡುತ್ತದೆ. ತುಂಬಾ ಉಪ್ಪು ತಿಂದಿದೆ ಅನಿಸಿದಾಗ ಬಲವಂತವಾಗಿ ಲೀಟರುಗಟ್ಟಲೆ ನೀರು ಹೊಯ್ಯುವುದೂ ತಪ್ಪು. ರಕ್ತದ ಸೋಡಿಯಂ ಸರ‍್ರನೆ ಇಳಿದರೆ ಮಿದುಳು ಊದಿಕೊಳ್ಳುವ ಅಪಾಯವಿದೆ. ಎಷ್ಟು ಕೊಡಬೇಕು ಅನ್ನುವುದನ್ನು ಡಾಕ್ಟರ್ ಹೇಳಲಿ.

ಅಮೆರಿಕದಲ್ಲಿ ದಿನದ 24 ಗಂಟೆಯೂ ಸಿಗುವ ಎರಡು ಸಹಾಯವಾಣಿಗಳಿವೆ. ಎಎಸ್‌ಪಿಸಿಎ ಅನ್ನುವ ಪ್ರಾಣಿ ದಯಾ ಸಂಘದ ವಿಷ ನಿಯಂತ್ರಣ ಕೇಂದ್ರದ್ದು 888-426-4435, ಪೆಟ್ ಪಾಯಿಸನ್ ಹೆಲ್ಪ್‌ಲೈನ್‌ದು 855-764-7661. ಕರೆಗೆ ಶುಲ್ಕ ತೆಗೆದುಕೊಳ್ಳುತ್ತಾರೆ, ಕಾರ್ಡ್ ಕೈಯಲ್ಲಿರಲಿ. ಈ ನಂಬರುಗಳನ್ನೂ, ರಾತ್ರಿ ತೆರೆದಿರುವ ಹತ್ತಿರದ ಪ್ರಾಣಿ ಆಸ್ಪತ್ರೆಯ ನಂಬರನ್ನೂ ಇವತ್ತೇ ಫ್ರಿಜ್ಜಿನ ಮೇಲೆ ಅಂಟಿಸಿ. ಫೋನ್ ಎತ್ತಿದವರು ಮೊದಲು ಕೇಳುವುದು ಮೂರನ್ನು: ನಾಯಿ ಎಷ್ಟು ಕೆಜಿ, ಏನು ತಿಂದಿತು, ಯಾವಾಗ. ಎರಡನೆಯದಕ್ಕೆ ಉತ್ತರ ಚೀಲದ ಹಿಂಬದಿಯಲ್ಲಿದೆ. ಅದರ ಫೋಟೋ ಹೊಡೆದುಕೊಂಡೇ ಕಾರು ಹತ್ತಿ.